ಹೋಲಿಕೆಗೆ ಎಷ್ಟು ಅಂಕ?

ಗೊಂಬೆ ಅನ್ನಬಾರದು, ಫಿಗರ್ ಅನ್ನಬೇಕು. ಇದೊಂದು ಮಾತನ್ನು ಅಮ್ಮನ ತಲೆಗೆ ಹೊಗಿಸಲು ಅವನಿಂದ ಇವತ್ತಿನವರೆಗೂ ಆಗಿರಲಿಲ್ಲ.

“ನಿನ್ನ ಗೊಂಬೆ ಬಂತು ನೋಡೋ,” ಅಮ್ಮ ಬಾಗಿಲಲ್ಲಿ ನಿಂತೇ ಕೂಗಿದಳು. “ನಾನೇ ಸಹಿ ಹಾಕಿ ತಗೊಂಡೆ. ಕೊರಿಯರಿನವನು ಕೇಳಿದ, ಮನೇಲಿ ಎಷ್ಟು ಜನ ಮಕ್ಕಳು ಅಂತ. ಒಬ್ಬನೇ ಕಣಪ್ಪಾ, ಅವನಿಗೂ ತಲೆ ನೆರೀತಾ ಇದೆ ಅಂದೆ.”

“ಫಿಗರ್ ಅಮ್ಮ.”

“ಆಯ್ತು, ಫಿಗರ್ ಗೊಂಬೆ.”

ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು. ವಾರವೆಲ್ಲ ಬೇರೆಯವರ ಕಣ್ಣಿಗೆ ಗಾಜು ಉಜ್ಜಿ, ಅಂಚು ತಿದ್ದಿ, ಫ್ರೇಮಿಗೆ ಕೂರಿಸಿ, ಭಾನುವಾರ ಬೆಳಿಗ್ಗೆ ಮಾತ್ರ ತನ್ನ ಕಣ್ಣಿಗೆ ಕೆಲಸ ಕೊಡುತ್ತಿದ್ದ. ಊಟದ ಮೇಜನ್ನು ಕಿಟಕಿಯ ಬಳಿಗೆ ಎಳೆದು, ಅದರ ಮೇಲೊಂದು ಬಿಳಿಯ ಬಟ್ಟೆ ಹಾಸಿ, ಬಾಹ್ಯಾಕಾಶದ ಸಿನಿಮಾಗಳ ಫಿಗರ್‌ಗಳನ್ನು ಒಂದೊಂದಾಗಿ ಪೆಟ್ಟಿಗೆಯಿಂದ ಬಿಡಿಸಿ, ಫೋನಿನಲ್ಲಿ ವಿಡಿಯೊ ಮಾಡಿ, ಅವುಗಳ ಗುಣ ದೋಷ ಹೇಳುತ್ತಿದ್ದ. ಅಂಗಡಿಯ ಭೂತಗನ್ನಡಿಯನ್ನೇ ಕಣ್ಣಿಗೆ ಹಿಡಿದು ನೋಡುತ್ತಿದ್ದುದರಿಂದ ನೋಡುವವರು ಅವನಿಗೆ ಭೂತಗನ್ನಡಿ ಎಂದೇ ಹೆಸರಿಟ್ಟರು. ಆ ಹೆಸರು ಮೆಲ್ಲಗೆ ಫೋನಿನಿಂದ ಇಳಿದು ಬೀದಿಗೆ ಬಂದು, ಈಗ ಅಂಗಡಿಯ ಯಜಮಾನರೂ “ಏನ್ರೀ ಭೂತಗನ್ನಡಿ, ಆ ಬೈಫೋಕಲ್ ಆಯ್ತಾ?” ಎಂದು ಕೇಳುವಷ್ಟರ ಮಟ್ಟಿಗೆ ಗಟ್ಟಿಯಾಗಿತ್ತು.

ಅವನ ಪರೀಕ್ಷೆಗಳು ಅವನವೇ. ಕೀಲುಗಳನ್ನು ಒಂದೊಂದಾಗಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳುತ್ತಿದ್ದ. ಫಿಗರನ್ನು ಮೇಜಿನ ನಡುವೆ ನಿಲ್ಲಿಸಿ ಫ್ಯಾನನ್ನು ಜೋರಾಗಿ ತಿರುಗಿಸುತ್ತಿದ್ದ. ಬ್ರಹ್ಮಾಂಡವನ್ನೇ ಗೆದ್ದ ಎಷ್ಟೋ ವೀರರು ಆ ಫ್ಯಾನಿನ ಗಾಳಿಗೆ ಅಂಗಾತ ಬಿದ್ದಿದ್ದರು. ಕೊನೆಯದು ಹೋಲಿಕೆಯ ಪರೀಕ್ಷೆ. ಕಾಗದದ ನಡುವೆ ಒಂದು ತೂತು ಮಾಡಿ, ಅದನ್ನು ಫಿಗರಿನ ಮುಂದೆ ಹಿಡಿದು, ಬರೀ ಮುಖ ಮಾತ್ರ ಕಾಣುವ ಹಾಗೆ ಮಾಡಿ, ಸಿನಿಮಾ ನೋಡಿದ ಯಾರನ್ನಾದರೂ ಕರೆದು “ಇದು ಯಾರು?” ಎಂದು ಕೇಳುವುದು. ಶಿರಸ್ತ್ರಾಣ, ಕವಚ, ಬೆನ್ನಿನ ಚೀಲ ಎಲ್ಲ ಕಂಡರೆ ಎಂಥ ಮುಖವನ್ನೂ ಜನ ಗುರುತಿಸಿಬಿಡುತ್ತಾರೆ. “ಬಟ್ಟೆ ನೋಡಿ ಮಣೆ ಹಾಕಬೇಡಿ” ಎಂಬುದು ವಿಡಿಯೊದಲ್ಲಿ ಅವನು ಪದೇ ಪದೇ ಹೇಳುವ ಮಾತಾಗಿತ್ತು. ಇಂಥ ಪರೀಕ್ಷೆಗೆ ಸಿಗುತ್ತಿದ್ದವಳು ಹೆಂಡತಿ ಒಬ್ಬಳೇ. ಸಿನಿಮಾಗಳನ್ನೆಲ್ಲ ಅವಳು ಅವನ ಪಕ್ಕದಲ್ಲಿ ಕೂತು, ಅರ್ಧ ನಿದ್ದೆಯಲ್ಲಿ, ಆದರೂ ಪೂರ್ತಿ ನೋಡಿದ್ದಳು.

ಇವತ್ತು ಬಂದ ಪೊಟ್ಟಣ ಎಂದಿನಂಥದ್ದಲ್ಲ. ಬಣ್ಣದ ಪೆಟ್ಟಿಗೆ ಇಲ್ಲ, ಚಿತ್ರವಿಲ್ಲ, ಬರೀ ರಟ್ಟು. ಫಿಗರ್ ಕಂಪನಿಯವರು ಅಚ್ಚು ಕೊರೆಸುವ ಮೊದಲು, ಕೈಯಲ್ಲೇ ಬಣ್ಣ ಹಚ್ಚಿದ ಮಾದರಿಯನ್ನು ಅವನಂಥ ಒಬ್ಬಿಬ್ಬರು ವಿಮರ್ಶಕರಿಗೆ ಕಳುಹಿಸುತ್ತಿದ್ದರು. ಅಭಿಪ್ರಾಯವನ್ನು ಗುಟ್ಟಾಗಿ ಕಂಪನಿಗೆ ಹೇಳಬೇಕು. ಒಮ್ಮೆ ಉಕ್ಕಿನ ಅಚ್ಚು ಕೊರೆದಾದ ಮೇಲೆ ಮೂಗು ಸೊಟ್ಟಗಿದ್ದರೆ ಸೊಟ್ಟಗೇ. ದೇವರು ಬಂದರೂ ನೆಟ್ಟಗಾಗುವುದಿಲ್ಲ.

ಆ ಪೊಟ್ಟಣವನ್ನು ಅವನು ಕೂಡಲೇ ಬಿಚ್ಚದೆ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕೂತ. ಒಳಗಿರುವುದು ಅಕ್ಕ ಮಾಡಿದ ತಲೆ.

ಅಕ್ಕ ಆ ಕಂಪನಿಗೆ ಕೆತ್ತನೆ ಮಾಡಿಕೊಡುವವಳು. ಎಷ್ಟೋ ವರ್ಷಗಳಿಂದ ಅವಳ ಪಾಲಿಗೆ ಬರುತ್ತಿದ್ದುದು ಕೈಗಳು ಮತ್ತು ಬೂಟುಗಳು ಮಾತ್ರ. ತಲೆ ಮಾಡುವವರದು ಬೇರೆಯೇ ಪಂಕ್ತಿ. ಅಲ್ಲಿ ಎಲ್ಲರೂ ‘ತಲೆ ಮಾಸ್ತರು’ ಎಂದು ಕರೆಯುವ ಒಬ್ಬ ಹಿರಿಯರಿದ್ದರು. ಅವರು ಹೂಂ ಅಂದವರಿಗಷ್ಟೇ ಮುಖ ಮುಟ್ಟುವ ಯೋಗ. ಹೋದ ತಿಂಗಳು ಮಾಸ್ತರರ ಕೈಯಲ್ಲಿ ಕೆಲಸ ಹೆಚ್ಚಾಗಿ, ಈ ಒಂದು ತಲೆ ಅಕ್ಕನ ಕಡೆಗೆ ಜಾರಿ ಬಂದಿತ್ತು. ಇದು ಗೆದ್ದರೆ ಮುಂದೆಯೂ ತಲೆ, ಸೋತರೆ ಮತ್ತೆ ಬೂಟು. ಆ ದಿನ ಅವಳೇ ಫೋನು ಮಾಡಿ, “ನೋಡು, ಅದು ನಿನ್ನ ಹತ್ರಾನೂ ಬರುತ್ತೆ. ನಾನೇನೂ ಹೇಳಲ್ಲ, ನೀನೂ ಏನೂ ಕೇಳ್ಬೇಡ. ತಮ್ಮ ಅಂತ ನೆನಪಿಟ್ಕೊಂಡು ನೋಡಿದ್ಯೋ, ಕಿವಿ ಕೀಳ್ತೀನಿ,” ಎಂದಿದ್ದಳು.

“ಬೂಟಿನ ಸಿಟ್ಟು ಇನ್ನೂ ಇಳಿದಿಲ್ವಾ?”

“ನಾನು ಮಾಡಿದ ಬೂಟು ಸ್ಪಂಜಿನ ಥರ ಇದೆ ಅಂದೆಯಲ್ಲೋ, ವಿಡಿಯೊದಲ್ಲಿ, ಊರೆಲ್ಲ ಕೇಳೋ ಹಾಗೆ! ಸಾಯೋವರೆಗೂ ಇಳಿಯಲ್ಲ.”

ಪೊಟ್ಟಣ ಬಿಚ್ಚಿದ.

‘ಕೊನೆಯ ಕಕ್ಷೆ’ ಎಂಬುದು ಆ ಸಿನಿಮಾ ಸರಣಿಯ ಹೆಸರು. ಹೆಸರಿಗೆ ಕೊನೆಯ ಕಕ್ಷೆ. ಭಾಗದ ಮೇಲೆ ಭಾಗ ಬಂದರೂ ಕೊನೆ ಮಾತ್ರ ಕಂಡಿರಲಿಲ್ಲ. ಅದರಲ್ಲಿ ಎಲ್ಲರ ಮನಸ್ಸು ಹೊಕ್ಕವಳು ಸರಕುಹಡಗಿನ ವಯಸ್ಸಾದ ಕ್ಯಾಪ್ಟನ್. ಮಿಕ್ಕ ಹಡಗುಗಳೆಲ್ಲ ತಪ್ಪಿಸಿಕೊಂಡು ಹೋಗುವವರೆಗೂ ತನ್ನ ಜಾಗ ಬಿಟ್ಟು ಕದಲದೆ, ಗಾಜಿನ ಹಿಂದೆ ಕೂತು, ಒಬ್ಬೊಬ್ಬರಿಗೇ ದಾರಿ ಬಿಡುವವಳು. ಅವಳ ಫಿಗರ್ ಯಾವಾಗ ಬರುತ್ತದೆಂದು ಜನ ಬಾಯಿ ಬಾಯಿ ಬಿಡುತ್ತಿದ್ದರು.

ಕೀಲುಗಳು ಚೆನ್ನಾಗಿದ್ದವು. ಫ್ಯಾನಿನ ಗಾಳಿಗೆ ಕ್ಯಾಪ್ಟನ್ ಅಲುಗಲಿಲ್ಲ. ತೋಳಿನ ಮೇಲಿನ ತುಕ್ಕಿನ ಬಣ್ಣ, ಮಾಸಿದ ಕೈಗವಸು, ಸವೆದ ಬೂಟು (ಸ್ಪಂಜಿನಂತಿರಲಿಲ್ಲ, ಬೇಕೆಂದೇ ಅಕ್ಕ ಜಿದ್ದಿನಿಂದ ಮಾಡಿದ ಹಾಗಿತ್ತು), ಎಲ್ಲವೂ ಅಚ್ಚುಕಟ್ಟು. ಮುಖಕ್ಕೂ ಜೀವವಿತ್ತು. ಎಷ್ಟೋ ಫಿಗರ್‌ಗಳ ಮುಖ ಈಗಷ್ಟೇ ನಿದ್ದೆಯಿಂದ ಎಬ್ಬಿಸಿದ ಹಾಗಿರುತ್ತದೆ. ಇವಳು ನೋಡುತ್ತಿದ್ದಳು. ನೇರವಾಗಿ, ಒಂದು ಹುಬ್ಬನ್ನು ತುಸು ಎತ್ತಿ, ಕೆಳತುಟಿಯನ್ನು ಒಳಗೆಳೆದುಕೊಂಡು. ಅವನ ಎದೆ ಹಗುರಾಯಿತು. ಅಕ್ಕ ಗೆದ್ದಳು ಅಂದುಕೊಂಡ.

“ಬಾರೆ ಇಲ್ಲಿ, ತೂತಿನ ಕಾಗದ,” ಎಂದು ಹೆಂಡತಿಯನ್ನು ಕರೆದ.

ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಅರ್ಧ ಮಡಚಿದ ಅಂಗಿಯನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಬಂದಳು. “ಬೇಗ ತೋರಿಸ್ರೀ, ಇನ್ನೂ ರಾಶಿ ಇದೆ.” ಬಗ್ಗಿ, ಕಾಗದದ ತೂತಿನಿಂದ ನೋಡಿದಳು. ನೋಡಿದ್ದೇ ತಡ, ಕಿಸಕ್ಕನೆ ನಕ್ಕಳು.

“ಅತ್ತೆ!”

“ಏನು?”

“ಅತ್ತೆ ಅಲ್ವಾ ಇದು? ನಾನು ಹಾಲು ಉಕ್ಕಿಸಿದಾಗ ಹೀಗೇ ನೋಡೋದು.” ಹೇಳಿದವಳೇ ಕೈಯಿಂದ ಬಾಯಿ ಮುಚ್ಚಿಕೊಂಡು ಹಜಾರದ ಕಡೆ ಇಣುಕಿದಳು. ಅಮ್ಮ ಅಲ್ಲಿ ರೇಡಿಯೊ ಹಾಕಿಕೊಂಡು ಕೂತಿದ್ದಳು, ಕೇಳಿಸಿರಲಿಲ್ಲ. “ಯಾರ್ರೀ ಮಾಡಿದ್ದು? ಅತ್ತಿಗೆ ಮಾಡಿದ್ದು ಇದೇನಾ?”

ಅವನು ಕಾಗದ ತನ್ನ ಕಡೆಗೆ ತಿರುಗಿಸಿಕೊಂಡು ತಾನೇ ನೋಡಿದ. ಕವಚವಿಲ್ಲ, ಕಾಲರಿನ ಪಟ್ಟಿಯಿಲ್ಲ, ಬರೀ ಮುಖ. ಹೌದು, ಅಮ್ಮ. ಒಮ್ಮೆ ಕಂಡ ಮೇಲೆ ಕಾಣದ ಹಾಗೆ ನೋಡಲು ಆಗಲೇ ಇಲ್ಲ. ಫೋನಿನಲ್ಲಿ ಸಿನಿಮಾದ ಚಿತ್ರ ತೆಗೆದು ಪಕ್ಕದಲ್ಲಿಟ್ಟ. ನಟಿಯ ಹುಬ್ಬು ಎರಡೂ ಒಂದೇ ಸಮ. ಅವಳ ಮೂಗು ನೀಳ. ಇದರ ಮೂಗಿನ ತುದಿ ತುಸು ಎಡಕ್ಕೆ ವಾಲಿತ್ತು, ಅಮ್ಮನದರ ಹಾಗೆಯೇ. ನಟಿಯ ತುಟಿ ತೆಳ್ಳಗೆ, ಬಿಗಿಯಾಗಿತ್ತು. ಇವಳದು ಒಳಗೆಳೆದ ತುಟಿ.

ಅಮ್ಮ ದುಡಿಯುತ್ತಿದ್ದುದು ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ. ಅಪ್ಪ ಬೇಗ ಹೋಗಿಬಿಟ್ಟಿದ್ದರಿಂದ, ಶಾಲೆ ಬಿಟ್ಟ ಮೇಲೆ ಮಕ್ಕಳಿಬ್ಬರಿಗೂ ಆ ಕಿಟಕಿಯ ಒಳಗಿನ ನೆಲವೇ ಮನೆ. ಅವನು ಚೀಲದ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದ. ಅಕ್ಕ ಮಾತ್ರ ಮೇಜಿನ ಕಾಲಿಗೆ ಒರಗಿ, ಪಾಠ ಬರೆಯುತ್ತ, ಆಗಾಗ ತಲೆಯೆತ್ತಿ ಅಮ್ಮನನ್ನು ನೋಡುತ್ತಿದ್ದಳು. ಗಾಜಿನ ಆಚೆ ಜನ ನುಗ್ಗುತ್ತಿದ್ದರು. ಈಚೆ ಅಮ್ಮ ಒಂದು ಹುಬ್ಬೆತ್ತಿ, ಒಬ್ಬೊಬ್ಬರನ್ನೇ ಕಳುಹಿಸುತ್ತಿದ್ದಳು.

“ಈಗೇನು ಮಾಡ್ತೀರಿ?” ಹೆಂಡತಿ ಮೆಲ್ಲಗೆ ಕೇಳಿದಳು.

“ಅದೇ ಯೋಚ್ನೆ.”

“ಹೀಗೇ ಬಿಟ್ರೆ ಅತ್ತೆ ಹೋಗಿ ಸಾವಿರಾರು ಮನೆಗಳ ಶೆಲ್ಫಿನ ಮೇಲೆ ಕೂತ್ಕೋತಾರೆ. ಪಾಪ, ಆ ಮನೆಯವರು ಹಾಲು ಹುಷಾರಾಗಿ ಕಾಯಿಸ್ಬೇಕು.” ಅವನು ನಗದೆ ಇದ್ದುದನ್ನು ಕಂಡು ಅವಳೂ ನಗು ನಿಲ್ಲಿಸಿದಳು. “ನೀವು ಬಿಟ್ರೂ ಜನ ಬಿಡಲ್ಲ ಕಣ್ರೀ. ಅವತ್ತು ಅತ್ತಿಗೆಗೆ ಇನ್ನೂ ನೋವಾಗುತ್ತೆ.”

ಅಷ್ಟರಲ್ಲಿ ರೇಡಿಯೊ ನಿಂತಿತು. ಅಮ್ಮ ಬಂದು ಮೇಜಿನ ಮುಂದೆ ನಿಂತಳು. ಬಿಳಿಯ ಬಟ್ಟೆಯ ಮೇಲೆ ನಿಂತಿದ್ದ ಕ್ಯಾಪ್ಟನ್ನನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಇಬ್ಬರೂ ಒಬ್ಬರನ್ನೊಬ್ಬರು ಹುಬ್ಬೆತ್ತಿ ನೋಡಿಕೊಂಡಂತಿತ್ತು. ಗಂಡ ಹೆಂಡತಿ ಉಸಿರು ಬಿಗಿಹಿಡಿದರು.

“ಯಾರೋ ಇವಳು?”

“ಸಿನಿಮಾದಲ್ಲಿ ಬರೋಳಮ್ಮ. ಹಡಗು ನಡೆಸ್ತಾಳೆ.”

“ಗಟ್ಟಿಗಿತ್ತಿ. ಮುಖದಲ್ಲೇ ಗೊತ್ತಾಗುತ್ತೆ.” ಅಮ್ಮ ಇನ್ನಷ್ಟು ಬಗ್ಗಿ ನೋಡಿದಳು. “ಸಿಡುಕಿ ಅಂತ ಕಾಣುತ್ತೆ. ಇಂಥವರ ಹತ್ರ ಸೊಸೆಯಂದಿರು ಹೇಗೆ ಬಾಳ್ತಾರೋ!”

ಹೆಂಡತಿ ಹೆಗಲ ಮೇಲಿದ್ದ ಅಂಗಿಯನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ಸೋಮವಾರ ಅಂಗಡಿಯಲ್ಲಿ ಅವನ ಕೈ ನೆಟ್ಟಗೆ ಓಡಲಿಲ್ಲ. ಗಾಜಿನ ಅಂಚೊಂದನ್ನು ಜಾಸ್ತಿ ಉಜ್ಜಿ ಹಾಳು ಮಾಡಿದ. ಅತ್ತ ದರಿ, ಇತ್ತ ಪುಲಿ. ಹೋಲಿಕೆ ಇಲ್ಲವೆಂದರೆ ಅಕ್ಕನ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುತ್ತದೆ. ಇದೆಯೆಂದರೆ, ಇಷ್ಟು ಕಾಲ ಎಲ್ಲರ ಮೂಗಿಗೂ ಕಿವಿಗೂ ಅಂಕ ಕೊಟ್ಟ ಕಣ್ಣು ಸುಳ್ಳಾಗುತ್ತದೆ. ಅದೂ ಅಲ್ಲದೆ, ಸುಳ್ಳು ಅಂಕ ಕೊಟ್ಟು ಅಮ್ಮನ ಮುಖವನ್ನು ಬೇರೊಬ್ಬಳ ಹೆಸರಲ್ಲಿ ಅಂಗಡಿಗೆ ಕಳುಹಿಸುವುದು ಅವನಿಗೆ ಏಕೋ ಒಗ್ಗಲಿಲ್ಲ. ಸಂಜೆ ಅಂಗಡಿಯಿಂದ ನೇರವಾಗಿ ಅಕ್ಕನ ಮನೆಗೆ ನಡೆದ. ಚೀಲದಲ್ಲಿ ಕ್ಯಾಪ್ಟನ್ ಇದ್ದಳು, ತೂತಿನ ಕಾಗದವೂ ಇತ್ತು.

ಅಕ್ಕನ ಕೆಲಸದ ಮೇಜು ಅವಳ ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲಿ. ಹಲ್ಲುಕಡ್ಡಿಗಳ ತುದಿಗೆ ಚುಚ್ಚಿಟ್ಟ ಪುಟಾಣಿ ಕೈಗಳು ಸಾಲಾಗಿ ಒಣಗುತ್ತಿದ್ದವು. ಕೆಲವು ಮುಷ್ಟಿ ಹಿಡಿದಿದ್ದವು, ಕೆಲವು ಏನನ್ನೋ ಬೇಡುವಂತಿದ್ದವು. ದಂತವೈದ್ಯರು ಹಲ್ಲು ಕೆರೆಯಲು ಬಳಸುವಂಥ ಸಲಕರಣೆಗಳು, ಮೇಣ ಕರಗಿಸುವ ಸಣ್ಣ ದೀಪ, ಮೇಣದ ವಾಸನೆ. ಗೋಡೆಯ ತುಂಬ ನಟಿಯ ಚಿತ್ರಗಳು, ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ತಮ್ಮನ ಮುಖ ನೋಡುತ್ತಲೇ ಅಕ್ಕನಿಗೆ ಅರ್ಧ ತಿಳಿಯಿತು.

“ಕೇಳಬೇಡ ಅಂದಿದ್ದೆ. ಬಂದೇ ಬಿಟ್ಟೆಯಾ?”

“ಕೇಳೋಕೆ ಬಂದಿಲ್ಲ, ತೋರಿಸೋಕೆ ಬಂದೆ.” ಮೇಜಿನ ಅಂಚಿನಲ್ಲಿ ಕ್ಯಾಪ್ಟನ್ನನ್ನು ನಿಲ್ಲಿಸಿ, ಕಾಗದ ಹಿಡಿದ. “ಯಾರು ಹೇಳು.”

“ನನ್ನ ತಲೆ ನನಗೇ ತೋರಿಸ್ತೀಯಾ? ಕ್ಯಾಪ್ಟನ್. ಇನ್ಯಾರು?”

“ಸರಿ. ಈಗ ಕೆಳಗೆ ಕೂತು ನೋಡು. ನೆಲದ ಮೇಲೆ.”

“ಮಂಡಿ ನೋವು ಕಣೋ.”

“ಒಂದ್ಸಲ ಕೂತ್ಕೋ ಅಕ್ಕ.”

ಗೊಣಗುತ್ತ ಅಕ್ಕ ಮೇಜಿನ ಕಾಲು ಹಿಡಿದುಕೊಂಡು ಕೂತಳು. ತಲೆಯೆತ್ತಿದಳು. ಕೆಳಗಿನಿಂದ ನೋಡಿದರೆ ಗದ್ದ, ಮೂಗಿನ ತುದಿ, ಎತ್ತಿದ ಹುಬ್ಬು. ಅವಳ ಗೊಣಗಾಟ ಅಲ್ಲಿಗೇ ನಿಂತಿತು. ಆಮೇಲೆ ಬಾಯಿಂದ ಬಂದದ್ದು ಅಮ್ಮನದೇ ದನಿ.

“ಚಿಲ್ಲರೆ ಇಟ್ಕೊಂಡು ಬನ್ನಿ, ಚಿಲ್ಲರೆ. ಮುಂದೆ ಹೋಗಿ.”

ಅವನಿಗೆ ನಗು ಬಂತು. ಅಕ್ಕನಿಗೂ ಬಂತು. ಆದರೆ ಅವಳ ನಗು ಅರ್ಧ ದಾರಿಯಲ್ಲಿ ಬೇರೆಯಾಗಿ, ಅವಳು ಮುಂಗೈಯಿಂದ ಕಣ್ಣು ಒರೆಸಿಕೊಂಡಳು. ಮುಂಗೈಗೆ ಅಂಟಿದ್ದ ಮೇಣ ಕೆನ್ನೆಗೆ ಹತ್ತಿತು.

“ಫೋಟೋ ನೋಡ್ಕೊಂಡೇ ಮಾಡಿದ್ದು ಕಣೋ. ಗೋಡೆ ನೋಡು, ಅವಳೇ ತುಂಬಿದ್ದಾಳೆ. ಸುಸ್ತಾಗಿದೆ, ಆದ್ರೂ ಎದ್ದು ಹೋಗಲ್ಲ, ಅಂಥ ಮುಖ ಬೇಕು ಅಂದ್ರು. ಕೈ ತಾನಾಗೇ ಹೋಯ್ತು. ಎಷ್ಟು ಸಲೀಸಾಗಿ ಆಯ್ತು ಅಂತ ನನಗೇ ಆಶ್ಚರ್ಯ ಆಗಿತ್ತು.” ಮೂಗು ಎಳೆದುಕೊಂಡಳು. “ಯಾರು ಕಂಡುಹಿಡಿದಿದ್ದು, ನೀನಾ?”

“ಇಲ್ಲ, ಅವಳು. ನೋಡಿದ ಕೂಡ್ಲೇ ಅತ್ತೆ ಅಂದ್ಲು.”

“ಹೂಂ. ಅವಳಿಗೆ ಆ ನೋಟದ ಅಭ್ಯಾಸ ಜಾಸ್ತಿ.”

ಅವನು ಕಿಟಕಿಯ ಕಡೆ ಮುಖ ಮಾಡಿ, “ಹೋಲಿಕೆ ಪರವಾಗಿಲ್ಲ ಅಂತ ಬರೆದ್ರೆ...” ಎಂದು ಶುರುಮಾಡಿದ.

“ಏನಂದೆ?”

“ಪರವಾಗಿಲ್ಲ ಅಂತ. ಅಷ್ಟೇ. ಹತ್ತಕ್ಕೆ ಆರು.”

ಅಕ್ಕ ಎದ್ದು ನಿಂತಳು, ಮಂಡಿನೋವು ಎಲ್ಲಿ ಹೋಯಿತೋ. “ನನ್ನ ಬೂಟಿಗೆ ಸ್ಪಂಜು ಅಂದವನು ನೀನು. ಬೂಟಿಗೆ ಕೊಟ್ಟ ಮರ್ಯಾದೆ ನನ್ನ ತಲೆಗೆ ಕೊಡಲ್ವಾ? ಕಂಡದ್ದನ್ನ ಬರಿ.”

“ಮತ್ತೆ ಬೂಟಿಗೆ ಹಾಕಿದ್ರೆ?”

“ಹಾಕಿದ್ರೆ ಅಳ್ತೀನಿ. ಸುಳ್ಳು ಹೇಳಲ್ಲ, ಎರಡು ದಿನ ಊಟ ಬಿಟ್ಟು ಅಳ್ತೀನಿ. ಆದ್ರೆ ತಮ್ಮ ಆರು ಅಂಕ ಭಿಕ್ಷೆ ಹಾಕಿದ ಅಂತ ಜೀವನಪೂರ್ತಿ ನೆನಪಿಸ್ಕೊಂಡು ತಲೆ ಕೆತ್ತೋಕೆ ನನ್ನ ಕೈಲಾಗಲ್ಲ.”

ಅವನು ಕಂಡದ್ದನ್ನು ಬರೆದ. ಕೀಲು, ಬಣ್ಣ, ನಿಲುವು ಎಲ್ಲಕ್ಕೂ ಪೂರ್ತಿ ಅಂಕ. ಹೋಲಿಕೆಗೆ ಎರಡು. ಇದು ಕ್ಯಾಪ್ಟನ್ ಅಲ್ಲ, ಬೇರೆ ಒಬ್ಬ ಹೆಂಗಸು. ಆದರೆ ಈ ಹೆಂಗಸು ನಿಜವಾಗಿಯೂ ನೋಡುತ್ತಿದ್ದಾಳೆ, ನೀವು ಈವರೆಗೆ ಕಳುಹಿಸಿದ ಯಾವ ಮುಖವೂ ಹೀಗೆ ನೋಡಿದ್ದಿಲ್ಲ. ಮಾಡಿದ ಕೈಗೆ ಇನ್ನೊಂದು ಅವಕಾಶ ಕೊಡಿ ಎಂದ. ಕೊನೆಯಲ್ಲಿ, ಮಾಡಿದವಳು ನನ್ನ ಒಡಹುಟ್ಟಿದವಳು, ಮುಖ ಬಂದದ್ದು ನಮ್ಮ ತಾಯಿಯದು, ಆದ್ದರಿಂದ ಮುಂದಿನ ಮಾದರಿಯನ್ನು ನನಗೆ ಕಳುಹಿಸಬೇಡಿ, ಬೇರೆಯವರಿಗೆ ತೋರಿಸಿ ಎಂದೂ ಸೇರಿಸಿದ. ಕಳುಹಿಸಿ ಆದ ಮೇಲೆ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ.

ಕಂಪನಿಯ ಮೇಲ್ವಿಚಾರಕಿ ಅಕ್ಕನಿಗೆ ಫೋನು ಮಾಡಿದರು. ಹತ್ತು ದಿನದಲ್ಲಿ ಇನ್ನೊಂದು ತಲೆ ಕೊಡಬೇಕು, ಅದೂ ಹೀಗೇ ಆದರೆ ಕೆಲಸ ತಲೆ ಮಾಸ್ತರರಿಗೆ ಹೋಗುತ್ತದೆ. ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆಯೂ ಇರಲಿಲ್ಲ.

ಅಕ್ಕ ಕೂತು ಕೆತ್ತಿದಳು. ಫಿಗರಿನ ತಲೆಯನ್ನು ಮೊದಲು ಮೇಣದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕೆತ್ತಿ, ಆಮೇಲೆ ಯಂತ್ರದಲ್ಲಿ ಕುಗ್ಗಿಸುತ್ತಾರೆ. ನಿಂಬೆಹಣ್ಣಿನ ಗಾತ್ರದಲ್ಲಿ ತಪ್ಪುಗಳು ಅಡಗಿಕೊಳ್ಳುವುದಿಲ್ಲ. ಒಂದು ಮುಗಿಸಿ ಕೆಡವಿದಳು, ಇನ್ನೊಂದು ಶುರುಮಾಡಿದಳು, ಅದನ್ನೂ ಕರಗಿಸಿದಳು. ಕೊನೆಗೆ ಸಲಕರಣೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ತಮ್ಮನ ಮನೆಗೇ ಬಂದುಬಿಟ್ಟಳು.

“ಹೋಗ್ತಾನೇ ಇಲ್ಲ ಕಣೋ,” ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. “ಮೂಗು ನೆಟ್ಟಗೆ ಮಾಡಿದ್ರೆ ಹುಬ್ಬಿಗೆ ಬರ್ತಾಳೆ. ಹುಬ್ಬು ಇಳಿಸಿದ್ರೆ ತುಟಿಗೆ ಬಂದು ಕೂರ್ತಾಳೆ. ತುಟೀನೂ ಬಿಡಿಸಿದೆ, ಈಗ ಗದ್ದದಲ್ಲಿದಾಳೆ. ಬಾಡಿಗೆ ಮನೆ ಖಾಲಿ ಮಾಡಿಸಿದ ಹಾಗಾಯ್ತು.”

“ಅತ್ತೇನ ಎಬ್ಬಿಸೋದು ಅಷ್ಟು ಸುಲಭ ಅಂದ್ಕೊಂಡ್ರಾ ಅತ್ತಿಗೆ?” ಎಂದಳು ಹೆಂಡತಿ, ತಟ್ಟೆಗಳನ್ನು ಒರೆಸುತ್ತ.

ಅವನಿಗೆ ತನ್ನ ಕೆಲಸ ನೆನಪಾಯಿತು. ಅಂಗಡಿಗೆ ಕಣ್ಣು ಪರೀಕ್ಷೆಗೆ ಬಂದವರು ಒಂದೇ ಗಾಜು ಹಾಕಿಕೊಟ್ಟರೆ ಚೆನ್ನಾಗಿದೆ ಅಂದುಬಿಡುತ್ತಾರೆ. ಆದ್ದರಿಂದ ಒಂದು ಗಾಜು ತೋರಿಸಿ, ತಟ್ಟನೆ ಇನ್ನೊಂದು ತೋರಿಸಿ, ಇದಾ ಅದಾ ಎಂದು ಕೇಳಬೇಕು. ಎರಡೂ ಎದುರಿಗಿದ್ದಾಗ ಕಣ್ಣಿಗೆ ಸುಳ್ಳು ಹೇಳಲು ಬರುವುದಿಲ್ಲ.

“ಅಕ್ಕ, ನಿನ್ನ ಗೋಡೆ ಮೇಲೆ ನಟಿ ಒಬ್ಬಳೇ ಇದ್ದಾಳೆ. ಅಮ್ಮ ನಿನ್ನ ತಲೆಯೊಳಗೆ ಇದ್ದಾಳೆ. ಕಾಣದೆ ಇರೋದ್ರಿಂದ ಕೈ ಕದಿಯುತ್ತೆ. ಅಮ್ಮನ್ನ ಎದುರಿಗೇ ಕೂರಿಸ್ಕೋ. ಪಕ್ಕದಲ್ಲಿ ನಟಿ ಫೋಟೋ. ಪ್ರತಿ ಸಲ ಇದಾ, ಅದಾ ಅಂತ ಕೇಳ್ಕೊ. ಅಮ್ಮನದು ಬಂದ್ರೆ ಅಲ್ಲೇ ಸಿಕ್ಕಿಬೀಳುತ್ತೆ.”

ಅಕ್ಕ ಅವನನ್ನು ಹುಚ್ಚನೇ ಎಂಬಂತೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಬದಲಾಯಿತು.

ಅಮ್ಮನಿಗೆ ಹೇಳಿದ್ದು ಇಷ್ಟೇ: “ಸ್ವಲ್ಪ ಹೊತ್ತು ನನ್ನೆದುರು ಕೂರ್ತೀಯಾ? ತಲೆ ಮಾಡ್ಬೇಕು.” ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರ ತಲೆ ಎಂದು ಅಮ್ಮ ಕೇಳಲೂ ಇಲ್ಲ. ಒಳಗೆ ಹೋದವಳು ಬರುವಾಗ ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಕನ್ನಡಕ ಒರೆಸಿಕೊಂಡು ಬಂದಳು. ಕುರ್ಚಿಯಲ್ಲಿ ನೆಟ್ಟಗೆ ಕೂತಳು.

“ನಗಬೇಕಾ?”

“ಬೇಡಮ್ಮ. ಹೇಗಿದೀಯೋ ಹಾಗೇ ಇರು.”

“ಗಂಭೀರವಾಗಿ ಇರ್ತೀನಿ. ನಿಲ್ದಾಣದಲ್ಲಿ ಇದ್ದ ಹಾಗೆ.” ಒಂದು ಹುಬ್ಬು ಮೇಲಕ್ಕೆ ಹೋಯಿತು.

ಮನೆಯಲ್ಲಿ ಆಮೇಲಿನ ದಿನಗಳು ಒಂಥರಾ ನೆಮ್ಮದಿಯವು. ಬೆಳಿಗ್ಗೆ ಅವನು ಅಂಗಡಿಗೆ ಹೊರಡುವಾಗ ಇಬ್ಬರೂ ಮೇಜಿನ ಎರಡು ಕಡೆ ಕೂತಿರುತ್ತಿದ್ದರು. ಸಂಜೆ ಬಂದಾಗಲೂ ಅಲ್ಲೇ. ನಡುವೆ ಮೇಣದ ದೀಪದ ಸಣ್ಣ ನಾಲಗೆ. ಅಕ್ಕ ನಟಿಯ ಚಿತ್ರ ನೋಡಿ, ಅಮ್ಮನನ್ನು ನೋಡಿ, ಮೇಣ ನೋಡಿ, ಒಂದು ಎಳೆ ಕೆರೆದು ತೆಗೆಯುವಳು. ಅಮ್ಮನಿಗೆ ಕೂತಲ್ಲೇ ಮಾತು. ಹಳೆಯ ಸ್ಟೇಷನ್ ಮಾಸ್ತರರ ಕಥೆ, ಟಿಕೆಟಿಲ್ಲದೆ ಸಿಕ್ಕಿಬಿದ್ದ ಮದುವೆ ದಿಬ್ಬಣದ ಕಥೆ. ಕಥೆ ಹೇಳುತ್ತ ಅವಳ ಮುಖ ಹತ್ತಾರು ಬಗೆಯಾಗುತ್ತಿತ್ತು. ಅಕ್ಕನಿಗೆ ಅದೂ ಒಳ್ಳೆಯದೇ ಆಯಿತು. ಗಾಜಿನ ಹಿಂದಿನ ಒಂದೇ ನೋಟವನ್ನು ಅಮ್ಮನೆಂದು ತಿಳಿದಿದ್ದ ಅವಳ ಕೈ, ಅಮ್ಮನಿಗೆ ಬೇರೆ ಮುಖಗಳೂ ಇವೆಯೆಂಬುದನ್ನು ಕಂಡು ಮೆಲ್ಲಗೆ ತನ್ನ ಹಿಡಿತ ಸಡಿಲಿಸಿತು. ಮೂಗು ನೀಳವಾಯಿತು. ತುಟಿ ಹೊರಬಂದು ಬಿಗಿಯಾಯಿತು. ಗದ್ದ ಚೂಪಾಯಿತು. ಹುಬ್ಬೊಂದು ಮಾತ್ರ ಕೊನೆಯವರೆಗೂ ಹಟ ಹಿಡಿಯಿತು. ಅದನ್ನು ಇಳಿಸುವ ಮೊದಲು ಅಕ್ಕ ಸಲಕರಣೆ ಕೆಳಗಿಟ್ಟು ಅಮ್ಮನನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

“ಏನೇ ಹಾಗೆ ನೋಡ್ತೀಯಾ? ಬೆವರಿದೀನಾ?”

“ಇಲ್ಲಮ್ಮ. ಚೆನ್ನಾಗಿದೀಯ.” ಹುಬ್ಬು ಇಳಿಯಿತು.

ಮುಗಿದ ದಿನ ಹೆಂಡತಿಯನ್ನು ಕರೆದು ಕಾಗದದ ತೂತಿನಿಂದ ತೋರಿಸಿದರು. ಅವಳು ಕೆಲಸದಿಂದ ಆಗಷ್ಟೇ ಬಂದು ಚೀಲವನ್ನೂ ಇಳಿಸಿರಲಿಲ್ಲ. “ಕ್ಯಾಪ್ಟನ್,” ಎಂದಳು, ಒಂದೇ ಉಸಿರಿಗೆ. ಮತ್ತೆ ನೋಡಿ, “ಕ್ಯಾಪ್ಟನ್ನೇ. ಅದೇನು ಮಾಡಿದ್ರಿ ಅತ್ತಿಗೆ, ಈಗಲೂ ನನ್ನನ್ನೇ ನೋಡ್ತಾ ಇದಾಳೆ. ಆದ್ರೆ ಇವಳ ಹೆದರಿಕೆ ನನಗಿಲ್ಲ,” ಎಂದಳು.

ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು.

ಅಷ್ಟು ಹೊತ್ತೂ ಕುರ್ಚಿ ಬಿಡದೆ ಕಾದಿದ್ದ ಅಮ್ಮ ಕೈ ಚಾಚಿದಳು. “ಎಲ್ಲಿ, ಕೊಡಿ ಇಲ್ಲಿ. ಇಷ್ಟು ದಿನ ಬೆನ್ನು ನೋಯಿಸ್ಕೊಂಡು ಕೂತವಳು ನಾನು, ಮೊದಲು ಅವಳಿಗೆ ತೋರಿಸ್ತೀರಾ?” ಮೇಣದ ತಲೆಯನ್ನು ಅಂಗೈಯಲ್ಲಿಟ್ಟು, ಕನ್ನಡಕ ಮೇಲೆ ಕೆಳಗೆ ಮಾಡಿ, ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖ ಕುಂದುತ್ತ ಬಂತು.

“ಏನೇ ಇದು?”

“ಯಾಕಮ್ಮ?”

“ನನ್ನ ಹಾಗೆ ಎಳ್ಳಷ್ಟೂ ಇಲ್ವಲ್ಲೇ! ಇದು ನನ್ನ ಮೂಗಾ? ಇದು ನನ್ನ ಬಾಯಾ? ಎದುರಿಗೇ ಕೂತಿದ್ದೆ, ಅಲ್ಲಾಡಲಿಲ್ಲ, ಒಂದ್ಸಲ ಸೀನಲೂ ಇಲ್ಲ. ಹೆತ್ತ ತಾಯಿ ಮುಖ ಮಾಡೋಕೆ ಬರಲ್ವಾ ನಿನಗೆ?”

ತಮ್ಮ ಅಕ್ಕನ ಕಡೆ ನೋಡಿದ, ಅಕ್ಕ ತಮ್ಮನ ಕಡೆ ನೋಡಿದಳು. ಅಷ್ಟೇ. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ. ಅಕ್ಕ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

“ಅಮ್ಮ, ಅದು ನೀನಲ್ಲ,” ಎಂದು ಅಕ್ಕ ನಗುವಿನ ನಡುವೆ ಹೇಗೋ ಹೇಳಿದಳು. “ಅದು ಕ್ಯಾಪ್ಟನ್. ಮೊದಲಿಂದಲೂ ಕ್ಯಾಪ್ಟನ್ನೇ.”

“ಮಾಡೋಕೆ ಬರದೆ ಇದ್ದಾಗ ಎಲ್ಲರೂ ಹೀಗೇ ಹೇಳೋದು,” ಎಂದಳು ಅಮ್ಮ, ಒಂದು ಹುಬ್ಬೆತ್ತಿ.

ತಲೆ ಕಂಪನಿಗೆ ಹೋಯಿತು. ಕುಗ್ಗಿ, ಬಣ್ಣ ಹಚ್ಚಿಸಿಕೊಂಡು, ಅವನಿಗೆ ಗೊತ್ತಿಲ್ಲದ ಯಾವುದೋ ವಿಮರ್ಶಕನ ಮೇಜಿನ ಮೇಲೆ ನಿಂತಿತು. ಆ ವಾರ ಅಕ್ಕ ಯಾರ ಫೋನಿಗೂ ಸರಿಯಾಗಿ ಉತ್ತರ ಕೊಡಲಿಲ್ಲ. ಭಾನುವಾರ ಊಟದ ಹೊತ್ತಿಗೆ ಅವಳೇ ಬಂದಳು. ಚಪ್ಪಲಿ ಬಿಡುವ ಮೊದಲೇ, “ಅಚ್ಚಿಗೆ ಹೋಯ್ತು,” ಎಂದಳು. ಮೇಲ್ವಿಚಾರಕಿ ಫೋನು ಮಾಡಿದ್ದರಂತೆ. ತಲೆ ಮಾಸ್ತರರು ಅದನ್ನು ಕೈಯಲ್ಲಿ ಹಿಡಿದು ನೋಡಿ, ಏನೂ ಹೇಳದೆ, ಮುಂದಿನ ತಲೆಯ ಚಿತ್ರಗಳನ್ನು ಅಕ್ಕನ ಹೆಸರಿಗೆ ಕಳುಹಿಸಿದರಂತೆ. ಅವನು ಅಕ್ಕನ ಕೈ ಹಿಡಿದು ಒಮ್ಮೆ ಅಮುಕಿದ. ಹೆಂಡತಿ ಇನ್ನೊಂದು ತಟ್ಟೆ ತಂದಿಟ್ಟಳು.

“ಮುಂದಿನದು ಯಾರದು?” ಎಂದು ಅವನು ಕೇಳಿದ.

“ಖಳನಾಯಕಂದು. ಬೋಳುತಲೆ, ಕೆನ್ನೆ ಮೇಲೆ ಇಷ್ಟುದ್ದ ಗಾಯ.”

ಇವರ ಮಾತು ಕೇಳುತ್ತ ಮೂಲೆಯಲ್ಲಿ ಕೂತಿದ್ದ ಅಮ್ಮ ಮೆಲ್ಲಗೆ ಎದ್ದಳು. ಕಿಟಕಿಯ ಹತ್ತಿರದ ಕುರ್ಚಿಯನ್ನು ಬೆಳಕಿಗೆ ತಿರುಗಿಸಿ, ಕೂದಲು ಸರಿಮಾಡಿಕೊಂಡು, ನೆಟ್ಟಗೆ ಕೂತಳು.

“ಈ ಸಲವಾದ್ರೂ ಸರಿಯಾಗಿ ನೋಡಿ ಮಾಡು.”

“ಅಮ್ಮ, ಅವನು ಗಂಡಸು. ಬೋಳುತಲೆ.”

“ಇನ್ನೂ ಸುಲಭ ಆಯ್ತಲ್ಲ, ಕೂದಲು ಮಾಡೋ ಕಷ್ಟ ಇಲ್ಲ,” ಎಂದಳು ಅಮ್ಮ. “ಊಟ ಮುಗಿಸಿ ಬಾ. ನಾನು ಕೂತಿರ್ತೀನಿ.”